ಕಾಲಿನ ರಕ್ತನಾಳ ಹೃದಯಕ್ಕೆ ಬಂದಾಗ: ಕಸಿಯಲ್ಲಿ ಕೋಶಗಳು ಸಾಯುವ ಕಥೆ

ಮೂರನೆಯ ಮೈಸೂರು ಯುದ್ಧ 1792ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯೊಂದಿಗೆ ಮುಗಿಯಿತು. ಆ ಯುದ್ಧದ ಇತಿಹಾಸದಲ್ಲಿ ಕೋಟೆ, ಫಿರಂಗಿ, ಒಪ್ಪಂದಗಳ ಜೊತೆಗೆ ಒಂದು ಮೂಗಿನ ಕಥೆಯೂ ಸೇರಿಕೊಂಡಿದೆ. ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಅದನ್ನು ಚಿತ್ರಸಹಿತ ಪ್ರಕಟಿಸಿತು. ಆ ವರದಿಯ ಪ್ರಕಾರ, ಕವಾಸ್‌ಜಿ ಎಂಬ ಮರಾಠ ರೈತ ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬಾಳಿದ ಅವನಿಗೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಹೊಸ ಮೂಗನ್ನು ಕೂಡಿಸಿಕೊಟ್ಟ.

ಆತ ಅನುಸರಿಸಿದ ಕ್ರಮವನ್ನು ಗಮನಿಸಬೇಕು. ಮೊದಲು ಮೇಣದ ತೆಳುಹಾಳೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗುರುತು ಮಾಡಿಕೊಂಡ. ಗುರುತಿನ ಒಳಗಿನ ಚರ್ಮವನ್ನು ಬಿಡಿಸಿದ. ಆದರೆ ಪೂರ್ತಿ ಕತ್ತರಿಸಲಿಲ್ಲ. ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೆಯೇ ಉಳಿಸಿದ. ಆ ಪಟ್ಟಿಯನ್ನು ತಿರುಚಿ, ಚರ್ಮವನ್ನು ಕೆಳಗೆ ಇಳಿಸಿ ಮೂಗಿನ ಜಾಗಕ್ಕೆ ಕೂಡಿಸಿದ. ಸುಮಾರು 25 ದಿನಗಳಾದ ಮೇಲಷ್ಟೇ ಆ ಸೇತುವೆಯನ್ನು ಕತ್ತರಿಸಲಾಗುತ್ತಿತ್ತು ಎಂದು ವರದಿ ಹೇಳುತ್ತದೆ. ಇದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ ಶಸ್ತ್ರವೈದ್ಯ 1814ರಲ್ಲಿ ಅದೇ ವಿಧಾನದಿಂದ ಮೂಗು ಕಟ್ಟಿ, 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ನಮ್ಮ ಸುಶ್ರುತ ಸಂಹಿತೆಯಲ್ಲಿ ಮೊದಲೇ ಇತ್ತು.

ಆ 25 ದಿನಗಳ ಸೇತುವೆ ಏಕೆ ಬೇಕಿತ್ತು? ಅದರ ಮೂಲಕ ರಕ್ತ ಹರಿದು ಚರ್ಮದ ಕೋಶಗಳನ್ನು ಬದುಕಿಸುತ್ತಿತ್ತು. ಅಷ್ಟರಲ್ಲಿ ಹೊಸ ಜಾಗದ ಕಿರುನಾಳಗಳು ಚರ್ಮದೊಳಕ್ಕೆ ಬೆಳೆದು ಬರುತ್ತಿದ್ದವು. ಕೋಶವೆಂಬ ಪದವೇ ಜೀವಶಾಸ್ತ್ರದಲ್ಲಿ ನೆಲೆಗೊಳ್ಳುವ ಮುಂಚೆ, ದೇಹದ ಒಂದು ಭಾಗವನ್ನು ಬೇರೆಡೆಗೆ ಸಾಗಿಸುವಾಗ ಅದರ ಜೀವ ಉಳಿಸುವುದೇ ಮುಖ್ಯವೆಂದು ಆ ಕುಶಲಿ ಅನುಭವದಿಂದ ಅರಿತಿದ್ದ. ಇಂದು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಕಾಲಿನ ರಕ್ತನಾಳವನ್ನು ತೆಗೆದು ಎದೆಗೆ ಜೋಡಿಸುವಾಗ ಎದುರಾಗುವ ಪ್ರಶ್ನೆಯೂ ಇದೇ. ಈ ಲೇಖನ ಆ ಪ್ರಶ್ನೆಯ ಇತಿಹಾಸ.

ಅಭಿಧಮನಿ ಮತ್ತು ಅಪಧಮನಿ

ಹೃದಯದ ಸ್ನಾಯುಗಳಿಗೆ ರಕ್ತ ಒದಗಿಸುವುದು ಕರೊನರಿ ಅಪಧಮನಿಗಳು. ಇವುಗಳ ಒಳಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾದಾಗ ಎದೆನೋವು, ಪೂರ್ತಿ ಮುಚ್ಚಿದಾಗ ಹೃದಯಾಘಾತ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣದ ಪೇಟೆಯನ್ನು ಬಳಸಿ ಹೋಗುವಂತೆ, ಅಡಚಣೆಯನ್ನು ಬಳಸಿ ರಕ್ತಕ್ಕೆ ಬೇರೆ ದಾರಿ ಮಾಡಿಕೊಡುವುದೇ ಬೈಪಾಸ್. ಆ ಹೊಸ ದಾರಿಗೆ ಹೆಚ್ಚಾಗಿ ಬಳಸುವುದು ಕಾಲಿನ ಸೆಫೀನಸ್ ಅಭಿಧಮನಿಯನ್ನು. ಇದು ಉದ್ದವಾಗಿದೆ, ಚರ್ಮದ ಕೆಳಗೇ ಸಿಗುತ್ತದೆ. ಒಳಗೆ ಬೇರೆ ಅಭಿಧಮನಿಗಳು ಇರುವುದರಿಂದ ಇದನ್ನು ತೆಗೆದರೂ ಕಾಲಿನ ರಕ್ತಸಂಚಾರ ನಿಲ್ಲುವುದಿಲ್ಲ.

ಆದರೆ ಅಭಿಧಮನಿ ಇರುವುದು ರಕ್ತವನ್ನು ಹೃದಯಕ್ಕೆ ಮರಳಿಸಲಿಕ್ಕೆ. ಅದರ ಗೋಡೆ ತೆಳು, ಒಳಗೆ ಕವಾಟಗಳಿವೆ. 1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ನಿರೂಪಿಸಿದಾಗ ಬಳಸಿದ ಒಂದು ಪ್ರಯೋಗವನ್ನು ತರಗತಿಯಲ್ಲೇ ಮಾಡಬಹುದು. ಮೊಣಕೈ ಮೇಲೆ ಬಟ್ಟೆಯ ಪಟ್ಟಿಯನ್ನು ಮೆಲ್ಲಗೆ ಕಟ್ಟಿದರೆ ಮುಂಗೈ ನಾಳಗಳು ಉಬ್ಬುತ್ತವೆ. ಅಲ್ಲಲ್ಲಿ ಗಂಟಿನಂತೆ ಕಾಣುವುದೇ ಕವಾಟ. ಒಂದು ಬೆರಳಿನಿಂದ ನಾಳವನ್ನು ಒತ್ತಿಹಿಡಿದು, ಇನ್ನೊಂದರಿಂದ ರಕ್ತವನ್ನು ಮೇಲಿನ ಕವಾಟದಾಚೆಗೆ ಸವರಿದರೆ, ಆ ತುಂಡು ಖಾಲಿಯಾಗುತ್ತದೆ. ಮೇಲಿನಿಂದ ರಕ್ತ ಹಿಂದಕ್ಕೆ ಬರುವುದಿಲ್ಲ. ಒಂದೆರಡು ನಿಮಿಷದಲ್ಲಿ ಪಟ್ಟಿ ಬಿಚ್ಚಿಬಿಡಬೇಕು. ಈ ಕವಾಟಗಳ ಕಾರಣದಿಂದಲೇ ಬೈಪಾಸಿನಲ್ಲಿ ಅಭಿಧಮನಿಯನ್ನು ತಲೆಕೆಳಗು ಮಾಡಿ ಜೋಡಿಸುತ್ತಾರೆ.

ಒತ್ತಡದಲ್ಲಿಯೂ ದೊಡ್ಡ ವ್ಯತ್ಯಾಸವಿದೆ. ಮಲಗಿದ ವ್ಯಕ್ತಿಯ ಕಾಲಿನ ಅಭಿಧಮನಿಯಲ್ಲಿ ಒತ್ತಡ ಸುಮಾರು 10 ಮಿ.ಮೀ. ಪಾದರಸ. ನಿಂತಾಗ ಪಾದದ ಬಳಿ 90ರವರೆಗೂ ಏರುವುದುಂಟು, ಆದರೆ ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ಒತ್ತಿ ಅದನ್ನು ಇಳಿಸುತ್ತವೆ. ಅಪಧಮನಿಯಲ್ಲಾದರೋ ಹಗಲೂ ರಾತ್ರಿ 120 ಮತ್ತು 80ರ ನಡುವೆ ಏರಿಳಿತ. ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಸುಮಾರು 1 ಲಕ್ಷ ಬಾರಿ ನಾಳದ ಗೋಡೆ ಹಿಗ್ಗಿ ಕುಗ್ಗಬೇಕು. ಕೆ.ಆರ್. ಪೇಟೆ, ನಾಗಮಂಗಲದ ಓದುಗರು ಹೇಮಾವತಿ ನಾಲೆಯನ್ನೂ, ಪಾಂಡವಪುರದವರು ವಿಶ್ವೇಶ್ವರಯ್ಯ ನಾಲೆಯನ್ನೂ ನೆನೆಯಬಹುದು. ಗದ್ದೆಯ ನೀರನ್ನು ಹೊರಹಾಕುವ ಬಸಿಗಾಲುವೆಗೆ ಒಂದು ದಿನ ಇದ್ದಕ್ಕಿದ್ದಂತೆ ತೂಬಿನ ನೀರನ್ನೆಲ್ಲ ಬಿಟ್ಟರೆ ಅದರ ದಂಡೆಗೆ ಏನಾದೀತು? ಅಭಿಧಮನಿಯ ಪಾಡು ಅದೇ. ವ್ಯತ್ಯಾಸವೆಂದರೆ ಈ ದಂಡೆ ಜೀವಂತವಾದದ್ದು.

ನಾಳ ಹೊಲಿಯಲು ಕಲಿತವರು

1894ರಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಸಾದಿ ಕಾರ್ನೊ ಲಿಯಾನ್ ನಗರದಲ್ಲಿ ಇರಿತಕ್ಕೊಳಗಾದ. ಹೊಟ್ಟೆಯೊಳಗೆ ತುಂಡಾದ ದೊಡ್ಡ ಅಭಿಧಮನಿಯನ್ನು ಹೊಲಿಯಲು ಯಾರಿಗೂ ಬರುತ್ತಿರಲಿಲ್ಲವಾಗಿ ಅವನು ಸತ್ತ. ಆ ಊರಿನಲ್ಲಿ ವೈದ್ಯಕೀಯ ಕಲಿಯುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್, ಕಸೂತಿ ಹಾಕುವ ಹೆಂಗಸಿನಿಂದ ಸೂಕ್ಷ್ಮ ಹೊಲಿಗೆ ಕಲಿತು, 1902ರಲ್ಲಿ ನಾಳಗಳನ್ನು ಕೂಡಿಸುವ ವಿಧಾನವನ್ನು ಪ್ರಕಟಿಸಿದ. ಮುಂದೆ ಅಮೆರಿಕದಲ್ಲಿ ಚಾರ್ಲ್ಸ್ ಗಥ್ರಿಯೊಡನೆ ನಾಯಿಗಳ ಅಪಧಮನಿಯ ಜಾಗದಲ್ಲಿ ಅಭಿಧಮನಿಯ ತುಂಡುಗಳನ್ನು ಕೂಡಿಸಿ ನೋಡಿದ. 1906ರ ವೇಳೆಗೆ ಅವರಿಗೆ ಒಂದು ಸಂಗತಿ ಕಂಡಿತ್ತು: ಹೊಸ ಜಾಗದಲ್ಲಿ ಅಭಿಧಮನಿಯ ಗೋಡೆ ದಪ್ಪವಾಗುತ್ತದೆ. ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಬಹುಮಾನ ಬಂತು. ದಪ್ಪವಾಗುವ ಗೋಡೆಯೊಳಗೆ ಏನು ನಡೆಯುತ್ತದೆಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿಯಿತು.

1948ರಲ್ಲಿ ಪ್ಯಾರಿಸಿನ ಜಾನ್ ಕುನ್ಲಿನ್, ಮುಚ್ಚಿಹೋದ ತೊಡೆಯ ಅಪಧಮನಿಗೆ ಸೆಫೀನಸ್ ಅಭಿಧಮನಿಯಿಂದ ಬಳಸುದಾರಿ ಮಾಡಿದ. ಹೃದಯದ ಕರೊನರಿ ನಾಳಗಳನ್ನು ಎಕ್ಸ್-ರೇ ಚಿತ್ರದಲ್ಲಿ ಸ್ಪಷ್ಟವಾಗಿ ನೋಡುವ ವಿಧಾನ 1958ರಲ್ಲಿ ಕ್ಲೀವ್‌ಲ್ಯಾಂಡಿನ ಮೇಸನ್ ಸೋನ್ಸ್‌ನಿಂದ ಬಂದ ಮೇಲೆ, ಅಡಚಣೆ ಎಲ್ಲಿದೆಯೆಂದು ತಿಳಿಯುವಂತಾಯಿತು. 1964ರಲ್ಲಿ ಲೆನಿನ್‌ಗ್ರಾಡಿನ ವಸೀಲಿ ಕೊಲೆಸೊವ್ ಎದೆಗೂಡಿನ ಒಳಗಿನ ಅಪಧಮನಿಯನ್ನೇ ಕರೊನರಿಗೆ ಹೊಲಿದ. ಅದೇ ವರ್ಷ ಹ್ಯೂಸ್ಟನ್ನಿನಲ್ಲಿ ಗ್ಯಾರೆಟ್ ಮತ್ತು ಸಂಗಡಿಗರು ಅಭಿಧಮನಿಯ ಕಸಿ ಮಾಡಿದರಾದರೂ ಅದನ್ನು ಪ್ರಕಟಿಸಿದ್ದು 1973ರಲ್ಲಿ.

ಅಭಿಧಮನಿ ಬೈಪಾಸನ್ನು ಜಗತ್ತಿನಾದ್ಯಂತ ರೂಢಿಗೆ ತಂದವನು ರೆನೆ ಫವಲೋರೊ. ಅರ್ಜೆಂಟೀನದ ಒಂದು ಹಳ್ಳಿಯಲ್ಲಿ 12 ವರ್ಷ ವೈದ್ಯನಾಗಿದ್ದು, ಬಳಿಕ ಕ್ಲೀವ್‌ಲ್ಯಾಂಡಿಗೆ ಹೋದ ಅವನು 1967ರ ಮೇ ತಿಂಗಳಲ್ಲಿ ಈ ಕೆಲಸ ಆರಂಭಿಸಿದ. ಭಾರತದ ಮೊದಲ ಕರೊನರಿ ಬೈಪಾಸನ್ನು 1975ರಲ್ಲಿ ಮದರಾಸಿನ ಪೆರಂಬೂರು ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ.ಎಂ. ಚೆರಿಯನ್ ನಡೆಸಿದರು.

ನಮ್ಮ ಹಳ್ಳಿಗಳಿಗೆ ಇದು ತಲುಪಲು ಇನ್ನೂ ಕಾಲು ಶತಮಾನ ಬೇಕಾಯಿತು. ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿದ್ದರೂ ಹಣ ಹಳ್ಳಿಯಲ್ಲಿರಲಿಲ್ಲ. 2003ರಲ್ಲಿ ಜಾರಿಯಾದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಕಂತು ಕಟ್ಟಿ ಹೃದಯ ಶಸ್ತ್ರಚಿಕಿತ್ಸೆಯ ನೆರವನ್ನೂ ಪಡೆಯಬಹುದಾಯಿತು. ಹಾಲಿನ ಡೇರಿ, ಸಹಕಾರ ಸಂಘಗಳು ಊರೂರಿನಲ್ಲಿರುವ ಮಂಡ್ಯ ಸೀಮೆಗೆ ಇದು ಸಣ್ಣ ಮಾತಲ್ಲ. 2018ರಲ್ಲಿ ನಿಂತ ಈ ಯೋಜನೆ 2023ರಲ್ಲಿ ಮತ್ತೆ ಜಾರಿಗೆ ಬಂದಿತು. 2010ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಮೈಸೂರಿನಲ್ಲಿ ತೆರೆದ ಮೇಲೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಿಂದ ಹೃದ್ರೋಗ ಆಸ್ಪತ್ರೆಯ ದೂರವೂ ಕಡಿಮೆಯಾಯಿತು. ಎದೆಯ ಮಧ್ಯೆ ಉದ್ದನೆಯ ಗಾಯದ ಗುರುತು, ಕಾಲಿನಲ್ಲಿ ಇನ್ನೊಂದು ಗುರುತು ಇರುವವರು ಈಗ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ.

ಕಸಿಯ ಆಯುಷ್ಯ

"ಬೈಪಾಸ್ ಆಯಿತಲ್ಲ, ಇನ್ನೇನು ಭಯ?" ಎಂಬ ಮಾತು ಸಾಮಾನ್ಯ. ಆದರೆ 1970ರ ದಶಕದಿಂದಲೇ ವೈದ್ಯರು ಬೇರೆಯದನ್ನು ಕಾಣತೊಡಗಿದ್ದರು. ಕೆನಡಾದ ಒಟ್ಟಾವದಲ್ಲಿ ಫಿಟ್ಸ್‌ಗಿಬನ್ ಮತ್ತು ಸಂಗಡಿಗರು 1388 ರೋಗಿಗಳ 5065 ಕಸಿಗಳನ್ನು 25 ವರ್ಷ ಅನುಸರಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಅಭಿಧಮನಿ ಕಸಿಗಳಲ್ಲಿ ಶಸ್ತ್ರಚಿಕಿತ್ಸೆಯಾದ ಸ್ವಲ್ಪ ಕಾಲಕ್ಕೆ ತೆರೆದಿದ್ದವು ಶೇ. 88, ಒಂದು ವರ್ಷಕ್ಕೆ ಶೇ. 81, ಐದು ವರ್ಷಕ್ಕೆ ಶೇ. 75; ಹದಿನೈದು ವರ್ಷ ಅಥವಾ ಅದಕ್ಕೂ ಮೀರಿದಾಗ ಶೇ. 50. ಮೊದಲ ವರ್ಷದಲ್ಲೇ ನಷ್ಟ ಹೆಚ್ಚು ಎಂಬುದು ಇದರಲ್ಲಿ ಎದ್ದು ಕಾಣುತ್ತದೆ.

ಎದೆಗೂಡಿನ ಅಪಧಮನಿಯನ್ನು ಬಳಸಿದಾಗ ಚಿತ್ರ ಬೇರೆ. ಹತ್ತು ವರ್ಷವಾದರೂ ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ತೆರೆದಿರುತ್ತವೆ. ಅದನ್ನು ಬಳಸದೆ ಕೇವಲ ಅಭಿಧಮನಿ ಕಸಿ ಪಡೆದವರಲ್ಲಿ ಹತ್ತು ವರ್ಷಗಳ ಅವಧಿಯಲ್ಲಿ ಸಾವಿನ ಅಪಾಯ 1.61 ಪಟ್ಟು ಎಂದು ಕ್ಲೀವ್‌ಲ್ಯಾಂಡಿನ ಫ್ಲಾಯ್ಡ್ ಲೂಪ್ ಮತ್ತು ಸಂಗಡಿಗರು 1986ರಲ್ಲಿ ತೋರಿಸಿದರು. ಅಂದಿನಿಂದ ಹೃದಯದ ಮುಂಭಾಗದ ಮುಖ್ಯ ನಾಳಕ್ಕೆ ಎದೆಯ ಅಪಧಮನಿಯನ್ನೇ ಜೋಡಿಸುವುದು ರೂಢಿಯಾಯಿತು. ಆದರೆ ಮೂರು ನಾಲ್ಕು ಕಡೆ ಅಡಚಣೆ ಇದ್ದವರಿಗೆ ಉಳಿದ ಕಡೆ ಕಾಲಿನ ಅಭಿಧಮನಿ ಬೇಕೇಬೇಕು. ಆದ್ದರಿಂದ ಅದು ಏಕೆ ಕೆಡುತ್ತದೆ ಎಂದು ತಿಳಿಯುವುದು ಅನಿವಾರ್ಯವಾಯಿತು.

ಉದುರುವ ಎಲೆ ಮತ್ತು ಸಾಯುವ ಕೋಶ

ಉತ್ತರದ ಒಂದು ಭಾಗ ಬಂದದ್ದು ಹೃದಯಕ್ಕೆ ಸಂಬಂಧವೇ ಇಲ್ಲದ ಕಡೆಯಿಂದ. ಕೋಶಗಳು ಎರಡು ಬಗೆಯಲ್ಲಿ ಸಾಯುತ್ತವೆ. ಸುಟ್ಟಾಗ, ಜಜ್ಜಿದಾಗ ಅಥವಾ ರಕ್ತ ಪೂರ್ತಿ ನಿಂತಾಗ ಕೋಶ ಊದಿಕೊಂಡು ಒಡೆದು, ಒಳಗಿನದನ್ನು ಸುತ್ತ ಚೆಲ್ಲುತ್ತದೆ. ಅಲ್ಲಿ ಉರಿಯೂತ ಉಂಟಾಗುತ್ತದೆ. ಇದು ನೆಕ್ರೋಸಿಸ್. ಇನ್ನೊಂದರಲ್ಲಿ ಕೋಶ ಕುಗ್ಗುತ್ತದೆ, ಅದರ ಡಿ.ಎನ್.ಎ. ಕ್ರಮಬದ್ಧವಾಗಿ ತುಂಡಾಗುತ್ತದೆ, ಕೋಶ ಸಣ್ಣ ಪೊಟ್ಟಣಗಳಾಗಿ ಒಡೆದು ಅಕ್ಕಪಕ್ಕದ ಕೋಶಗಳಿಗೆ ಆಹಾರವಾಗುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಇದಕ್ಕೆ 'ಅಪೊಪ್ಟೋಸಿಸ್' ಎಂದು ಹೆಸರಿಟ್ಟರು. ಮರದಿಂದ ಎಲೆ ಉದುರುವುದನ್ನು ಸೂಚಿಸುವ ಈ ಗ್ರೀಕ್ ಪದವನ್ನು ಸೂಚಿಸಿದವರು ಅಬರ್ಡೀನಿನ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್.

ಈ ಸಾವು ಕೋಶದೊಳಗೇ ಬರೆದಿರುವ ಕಾರ್ಯಕ್ರಮ ಎಂದು ಸಾಬೀತಾದದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಿಂದ. ಅದರ ಬೆಳವಣಿಗೆಯಲ್ಲಿ ಹುಟ್ಟುವ 1090 ಕೋಶಗಳಲ್ಲಿ ಸರಿಯಾಗಿ 131 ಸಾಯುತ್ತವೆ. ಈ ಸಂಶೋಧನೆಗಾಗಿ ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಸ್, ಜಾನ್ ಸಲ್ಸ್‌ಟನ್ ಅವರಿಗೆ 2002ರ ನೊಬೆಲ್ ಬಹುಮಾನ ದೊರೆಯಿತು. ನಮ್ಮ ದೇಹದಲ್ಲೂ ದಿನವೂ ಸಾವಿರಾರು ಕೋಟಿ ಕೋಶಗಳು ಹೀಗೆ ಸದ್ದಿಲ್ಲದೆ ಹೋಗುತ್ತವೆ. ತೊಂದರೆ ಬರುವುದು ಈ ಕಾರ್ಯಕ್ರಮ ತಪ್ಪು ಜಾಗದಲ್ಲಿ, ತಪ್ಪು ಹೊತ್ತಿನಲ್ಲಿ ಶುರುವಾದಾಗ.

ಕಸಿಯ ಗೋಡೆಯೊಳಗೆ

ಅಭಿಧಮನಿಯ ಗೋಡೆಯಲ್ಲಿ ರಕ್ತಕ್ಕೆ ತಾಗುವ ಒಂದೇ ಸಾಲಿನ ಒಳಪೊರೆ ಕೋಶಗಳು, ಅದರ ಹೊರಗೆ ನಯಸ್ನಾಯು ಕೋಶಗಳು, ಎಲ್ಲಕ್ಕೂ ಹೊರಗೆ ಕೊಬ್ಬು ಮತ್ತು ಕಿರುನಾಳಗಳ ಹೊದಿಕೆ ಇರುತ್ತವೆ. ಈ ಕಿರುನಾಳಗಳು ನಾಳದ ಗೋಡೆಗೇ ರಕ್ತ ಕೊಡುವಂಥವು. ಕಸಿ ಮಾಡುವಾಗ ಗೋಡೆಗೆ ಮೂರು ಪೆಟ್ಟು ಬೀಳುತ್ತವೆ.

ಮೊದಲನೆಯದು ತೆಗೆಯುವಾಗ. ಹೊರಹೊದಿಕೆಯನ್ನು ಸವರಿ ತೆಗೆದಾಗ ಕಿರುನಾಳಗಳು ಹೋಗುತ್ತವೆ. ನಾಳ ಮುಟ್ಟಿದೊಡನೆ ಬಿಗಿದುಕೊಳ್ಳುತ್ತದೆ. ಅದನ್ನು ಸಡಿಲಿಸಲು, ಸೋರಿಕೆ ನೋಡಲು ಸಿರಿಂಜಿನಿಂದ ದ್ರವ ತುಂಬಿ ಉಬ್ಬಿಸುವ ರೂಢಿಯಿತ್ತು. ಕೈಯ ಒತ್ತಡ 300 ಮಿ.ಮೀ.ಯನ್ನೂ ಮೀರಬಹುದು. ಆಗ ಒಳಪೊರೆಯ ಕೋಶಗಳು ಕಿತ್ತುಬರುತ್ತವೆ. ಎರಡನೆಯದು ಕಾಯುವಾಗ. ಜೋಡಣೆಯಾಗುವವರೆಗೆ ನಾಳ ಆಮ್ಲಜನಕವಿಲ್ಲದೆ ಬಟ್ಟಲಿನ ದ್ರಾವಣದಲ್ಲಿರುತ್ತದೆ. ಮೂರನೆಯದು ಅಪಧಮನಿಯ ರಕ್ತ ನುಗ್ಗಿದಾಗ.

ಮೂರನೆಯ ಪೆಟ್ಟಿನ ಪರಿಣಾಮವನ್ನು ಆಸ್ಟ್ರಿಯದ ಇನ್ಸ್‌ಬ್ರುಕ್‌ನಲ್ಲಿ ಚಿಂಗ್ಬೊ ಶು ಅವರ ತಂಡ ಬಿಡಿಸಿ ನೋಡಿತು. 1998ರಲ್ಲಿ ಅವರು ಇಲಿಯ ಅಭಿಧಮನಿಯನ್ನು ಅದರ ಕತ್ತಿನ ಅಪಧಮನಿಗೆ ಕಸಿ ಮಾಡುವ ಮಾದರಿಯನ್ನು ಪ್ರಕಟಿಸಿದರು. 2000ದಲ್ಲಿ ಮ್ಯಾನ್ಯುಯೆಲ್ ಮೈರ್ ಮತ್ತು ಸಂಗಡಿಗರು ಅಂಥ ಕಸಿಗಳ ಗೋಡೆಯಲ್ಲಿ ಕೋಶಗಳು ಅಪೊಪ್ಟೋಸಿಸ್‌ನಿಂದ ಸಾಯುವುದನ್ನು ತೋರಿಸಿದರು. ಅಭಿಧಮನಿಯನ್ನು ಅಭಿಧಮನಿಗೇ ಜೋಡಿಸಿದಾಗ ಆ ಸಾವು ಕಾಣಲಿಲ್ಲ. ಎಂದರೆ ಕತ್ತರಿಯೂ ಹೊಲಿಗೆಯೂ ಎರಡರಲ್ಲೂ ಇದ್ದವು, ವ್ಯತ್ಯಾಸವಿದ್ದದ್ದು ಒತ್ತಡದಲ್ಲಿ. ನಯಸ್ನಾಯು ಕೋಶಗಳನ್ನು ಹಿಗ್ಗುವ ಪೊರೆಯ ಮೇಲೆ ಬೆಳೆಸಿ, ಪೊರೆಯನ್ನು ಎಳೆದೆಳೆದು ಬಿಟ್ಟಾಗಲೂ ಅವು ಸತ್ತವು. ಎಳೆತದ ಸುದ್ದಿಯನ್ನು ಕೋಶದ ಒಳಕ್ಕೆ ಒಯ್ದು ಸಾವಿನ ಕಾರ್ಯಕ್ರಮವನ್ನು ಆರಂಭಿಸುವ ಕೊಂಡಿಗಳಲ್ಲಿ ಪಿ-38 ಎಂಬ ಕಿಣ್ವವೂ ಒಂದೆಂದು ಅವರು ಗುರುತಿಸಿದರು.

ಕೋಶ ಸತ್ತಮೇಲೆ ಏನಾಗುತ್ತದೆ? ಒಳಪೊರೆಯ ಕೋಶಗಳು ನೈಟ್ರಿಕ್ ಆಕ್ಸೈಡನ್ನು ಉತ್ಪಾದಿಸಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತವೆ. ಅವು ಹೋದ ಜಾಗಕ್ಕೆ ಕಿರುತಟ್ಟೆಗಳು ಅಂಟಿಕೊಳ್ಳುತ್ತವೆ. ಮೊದಲ ತಿಂಗಳಲ್ಲಿ ಕಸಿ ಮುಚ್ಚಿದರೆ ಮುಖ್ಯ ಕಾರಣ ಹೀಗೆ ಕಟ್ಟಿದ ಹೆಪ್ಪು. ಆಮೇಲೆ ಉಳಿದ ಸ್ನಾಯುಕೋಶಗಳು, ಹೊರಗಿನಿಂದ ಬಂದ ಕೋಶಗಳು ವಿಭಜಿಸಿ ಒಳಭಾಗಕ್ಕೆ ಸರಿದು ಗೋಡೆಯನ್ನು ದಪ್ಪ ಮಾಡುತ್ತವೆ. ಕ್ಯಾರೆಲ್ 1906ರಲ್ಲಿ ಕಂಡದ್ದು ಇದನ್ನೇ. ಇದು ಕೇವಲ ಕೆಡುಕಲ್ಲ. ಗೋಡೆಯ ಮೇಲಿನ ಎಳೆತವು ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧವನ್ನು ಗೋಡೆಯ ದಪ್ಪದಿಂದ ಭಾಗಿಸಿದಷ್ಟು ಎಂಬುದು ಲಾಪ್ಲಾಸ್ ನಿಯಮ. ಒತ್ತಡ 10ರಿಂದ 90ಕ್ಕೆ ಏರಿ ತ್ರಿಜ್ಯ ಹಾಗೆಯೇ ಇದ್ದರೆ, ಎಳೆತ ಹಿಂದಿನ ಮಟ್ಟಕ್ಕೆ ಇಳಿಯಲು ಗೋಡೆ 9 ಪಟ್ಟು ದಪ್ಪವಾಗಬೇಕು. ದಪ್ಪವಾಗುವುದು ಬದುಕುವ ಉಪಾಯವೇ. ಅದು ಮಿತಿ ಮೀರಿ ಒಳದಾರಿಯನ್ನು ತುಂಬಿದಾಗ ರೋಗ. ವರ್ಷಗಳು ಕಳೆದಂತೆ ಆ ದಪ್ಪ ಗೋಡೆಯಲ್ಲಿ ಕೊಬ್ಬು ಸೇರುತ್ತದೆ. ಕೊಬ್ಬು ನುಂಗಿದ ಕೋಶಗಳು ಅಲ್ಲೇ ಸತ್ತು ಮೆತ್ತನೆಯ ತಿರುಳಾಗುತ್ತವೆ. ಅದು ಒಡೆದರೆ ಮತ್ತೆ ಹೃದಯಾಘಾತ.

ಸೋತ ಉಪಾಯ, ಉಳಿದ ಪಾಠ

ಕೋಶವಿಭಜನೆಯನ್ನು ತಡೆದರೆ ದಪ್ಪವಾಗುವುದು ನಿಲ್ಲಬಹುದಲ್ಲವೇ? ಹೀಗೆಂದುಕೊಂಡು ಅಮೆರಿಕದಲ್ಲಿ 3014 ರೋಗಿಗಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಕಸಿ ಮಾಡುವ ಮುನ್ನ ಅಭಿಧಮನಿಗೆ, ವಿಭಜನೆಯ ಜೀನುಗಳನ್ನು ಮಂಕುಮಾಡುವ ಎಡಿಫೊಲಿಜೈಡ್ ಎಂಬ ದ್ರಾವಣವನ್ನು ಉಣಿಸಿದರು. 2005ರಲ್ಲಿ ಫಲಿತಾಂಶ ಬಂದಾಗ ಮದ್ದು ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ. ಒಂದು ಒಂದೂವರೆ ವರ್ಷದಲ್ಲಿ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 45 ರೋಗಿಗಳ ಕನಿಷ್ಠ ಒಂದು ಕಸಿ ತೀರ ಕಿರಿದಾಗಿತ್ತು ಅಥವಾ ಮುಚ್ಚಿತ್ತು. ವಿಭಜನೆ ಕಥೆಯ ನಡುಭಾಗ ಮಾತ್ರ. ಅದಕ್ಕೂ ಮುಂಚೆ ಪೆಟ್ಟು ಮತ್ತು ಸಾವು ನಡೆದುಹೋಗಿರುತ್ತವೆ ಎಂಬುದನ್ನು ನೆನೆದರೆ ಈ ಸೋಲು ಪೂರ್ತಿ ಅನಿರೀಕ್ಷಿತವೆನಿಸುವುದಿಲ್ಲ.

ಇನ್ನೊಂದು ದಾರಿ, ಪೆಟ್ಟನ್ನೇ ಕಡಿಮೆ ಮಾಡುವುದು. ಸ್ವೀಡನ್ನಿನ ಒರೆಬ್ರೋದಲ್ಲಿ ಡೊಮಿಂಗೋಸ್ ಸೋಜಾ 1996ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಅಭಿಧಮನಿಯನ್ನು ಸವರದೆ, ಉಬ್ಬಿಸದೆ, ಸುತ್ತಲಿನ ಕೊಬ್ಬು ಮತ್ತು ಕಿರುನಾಳಗಳ ಸಮೇತ ಎತ್ತುವುದು. 'ಮುಟ್ಟದೆ ತೆಗೆಯುವುದು' ಎಂದೇ ಅದರ ಹೆಸರು. ಅವರ ಹದಿನಾರು ವರ್ಷಗಳ ಪರಿಶೀಲನೆಯಲ್ಲಿ ಇಂಥ ಕಸಿಗಳು ಶೇ. 83, ಹಳೆಯ ವಿಧಾನದವು ಶೇ. 64 ತೆರೆದಿದ್ದವು. ಚೀನಾದಲ್ಲಿ 2655 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ಮೂರು ತಿಂಗಳಿಗೆ ಮುಚ್ಚಿದ ಕಸಿಗಳು ಕಡಿಮೆಯಿದ್ದವು. ಆದರೆ 2024ರಲ್ಲಿ ಬಂದ ಸ್ವೀಡನ್ನಿನ ದೊಡ್ಡ ಪರೀಕ್ಷೆಯಲ್ಲಿ ಎರಡು ವರ್ಷಕ್ಕೆ ಖಚಿತವಾದ ಲಾಭ ಕಾಣಲಿಲ್ಲ. ಕಾಲಿನ ಗಾಯದ ತೊಂದರೆಗಳು ಹೆಚ್ಚಾಗಿದ್ದವು. ಪ್ರಶ್ನೆ ಇನ್ನೂ ತೆರೆದಿದೆ.

ಪುಣೆಯ ಆ ಕುಶಲಿ ಹುಬ್ಬಿನ ನಡುವೆ ಉಳಿಸಿದ ಚರ್ಮದ ಪಟ್ಟಿಗೂ, ಅಭಿಧಮನಿಯ ಸುತ್ತ ಉಳಿಸುವ ಕೊಬ್ಬಿನ ಹೊದಿಕೆಗೂ ಎರಡು ಶತಮಾನಗಳ ಅಂತರ. ಎರಡರ ಹಿಂದಿರುವುದು ಒಂದೇ ತಿಳಿವು: ಕಸಿ ಎಂದರೆ ಒಂದು ಕೊಳವೆಯನ್ನೋ ತೊಗಲನ್ನೋ ಜೋಡಿಸುವುದಲ್ಲ, ಜೀವಂತ ಕೋಶಗಳನ್ನು ಸಾಗಿಸುವುದು. ಮಾವಿನ ಕಸಿಯ ಕುಡಿ ಒಣಗದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವ ತೋಟಗಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಶಸ್ತ್ರವೈದ್ಯರ ಕೈಯಲ್ಲಿರುವುದು ಮೊದಲ ಕೆಲವು ಗಂಟೆಗಳು. ಉಳಿದ ವರ್ಷಗಳು ರೋಗಿಯ ಕೈಯಲ್ಲಿವೆ. ಹೆಪ್ಪು ತಡೆಯುವ ಆಸ್ಪಿರಿನ್ ಕಸಿಯನ್ನು ತೆರೆದಿಡಲು ನೆರವಾಗುತ್ತದೆ. ಕೊಲೆಸ್ಟರಾಲನ್ನು ಚೆನ್ನಾಗಿ ಇಳಿಸಿದರೆ ಕಸಿಯಲ್ಲಿ ಕೊಬ್ಬು ಸೇರುವುದು ನಿಧಾನವಾಗುತ್ತದೆಂದು 1997ರಲ್ಲೇ ದೊಡ್ಡ ಪರೀಕ್ಷೆಯೊಂದು ತೋರಿಸಿತ್ತು. ಬೀಡಿ ಸಿಗರೇಟು ಒಳಪೊರೆಯ ಕೋಶಗಳಿಗೆ ನೇರ ಶತ್ರು. ಎದೆಯ ಗಾಯ ಮಾಯ್ದು, ನೋವು ಹೋಗಿ, ಮತ್ತೆ ಗದ್ದೆಗೆ ಇಳಿದ ಮೇಲೆ "ಆಪರೇಷನ್ನೇ ಆಗಿದೆ, ಮಾತ್ರೆ ಯಾಕೆ?" ಎಂದು ನಿಲ್ಲಿಸಿಬಿಡುವವರು ಉಂಟು. ಆ ಮನೆಯ ಮಗನೋ ಮೊಮ್ಮಗಳೋ ನಿಮ್ಮ ತರಗತಿಯಲ್ಲಿ ಕುಳಿತಿರಬಹುದು. ಅಜ್ಜನ ಎದೆಯಲ್ಲಿರುವುದು ಪೈಪಲ್ಲ, ಜೀವವಿರುವ ನಾಳ; ಅದಕ್ಕೆ ಪ್ರತಿದಿನವೂ ಕಾಪು ಬೇಕು ಎಂಬುದನ್ನು ಆ ಮಗು ಮನೆಗೆ ಒಯ್ದರೆ, ಅಂದಿನ ಪಾಠ ಸಾರ್ಥಕ.